ಮರಿಗೆ ಬೇಕಿರುವುದು ಶೆಡ್ ಅಲ್ಲ, ಎಂಟು ವಾರದ ತವರುಮನೆ

ಬೇಡದ ನಾಯಿಮರಿಗಳನ್ನು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಏನು ಮಾಡುತ್ತಾರೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಒಂದು ಗೋಣಿಚೀಲ, ಒಂದು ಬೈಕು, ಪಕ್ಕದೂರಿನ ಕೆರೆ ಏರಿ. ಗಂಡುಮರಿಯಾದರೆ ತೆಂಗಿನ ತೋಟ ಕಾಯಲೆಂದು ಯಾರಾದರೂ ಎತ್ತಿಕೊಂಡು ಹೋದಾರು. ಹೆಣ್ಣುಮರಿಗೆ ಆ ಭಾಗ್ಯವೂ ಇಲ್ಲ. ಬದುಕುಳಿದ ಹೆಣ್ಣುಮರಿ ವರ್ಷ ತುಂಬುವುದರೊಳಗೆ ತಾನೇ ಮರಿ ಹಾಕುತ್ತದೆ. ಆಗ "ಬೀದಿನಾಯಿ ಕಾಟ" ಎಂದು ಅರ್ಜಿ ಹಿಡಿದು ಬರುವವರೂ ಇದೇ ಊರಿನವರು.

ಮರಿಗಳನ್ನು ಹೀಗೆ ಬಿಟ್ಟು ಬರುವುದು ಅಪರಾಧ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯಬಾರದೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳುತ್ತದೆ. ಮೊದಲ ಸಲದ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಚೀಲ ಸಾಗಿಸಿದ ಬೈಕಿನ ಪೆಟ್ರೋಲೇ ಅದಕ್ಕಿಂತ ದುಬಾರಿ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯತಾಣಕ್ಕೆ ಸೇರಿಸಿ ಎಂದಿತು. ಅಂದಿನಿಂದ ಎಲ್ಲರ ಬಾಯಲ್ಲೂ ಶೆಡ್ಡಿನದೇ ಮಾತು. ಜಾಗ ಎಲ್ಲಿ, ಟೆಂಡರ್ ಯಾರಿಗೆ, ಬೇಲಿ ಎಷ್ಟು ಎತ್ತರ? ತಾಯಿ ಇಲ್ಲದ ಮರಿಗಳ ಗತಿ ಏನೆಂದು ಮಾತ್ರ ಯಾರೂ ಕೇಳುತ್ತಿಲ್ಲ. ನಾವು ಕೇಳುತ್ತೇವೆ. ಉತ್ತರವನ್ನೂ ಹೇಳುತ್ತೇವೆ: ಮರಿಗಳನ್ನು ಶೆಡ್ಡಿನಲ್ಲಿ ಬೆಳೆಸಬೇಡಿ, ಮನೆಯಲ್ಲಿ ಬೆಳೆಸಿ.

ಕಾರಣ ಬರೀ ಕರುಣೆಯಲ್ಲ. ಮರಿ ಮನುಷ್ಯರನ್ನು ನಂಬಲು ಕಲಿಯುವುದು ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದೊಳಗೆ. ಅಮೆರಿಕದ ಬಾರ್ ಹಾರ್ಬರ್‌ನ ವಿಜ್ಞಾನಿಗಳು ಬೇಲಿ ಹಾಕಿದ ಬಯಲಿನಲ್ಲಿ ಮರಿಗಳನ್ನು ಬೆಳೆಸಿ, 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಏಳನೇ ವಾರದ ಹೊತ್ತಿಗೆ ಒಂದೇ ಒಂದು ವಾರ ಜನರ ಜತೆ ಆಡಿದ ಮರಿಗಳೂ ಹೊಂದಿಕೊಂಡವು. ಹದಿನಾಲ್ಕು ವಾರ ಮನುಷ್ಯರ ಸಂಗವೇ ಇಲ್ಲದವು ಕಾಡುಪ್ರಾಣಿಗಳಂತೆ ದೂರ ಓಡಿದವು. ಹೆದರಿದ ನಾಯಿಯೇ ಹೆಚ್ಚಾಗಿ ಕಚ್ಚುವುದು. ಶೆಡ್ಡಿನಲ್ಲಿ ನೂರು ನಾಯಿಗೆ ಇಬ್ಬರು ಕೆಲಸಗಾರರಿದ್ದರೆ ಮರಿಯನ್ನು ಎತ್ತಿಕೊಳ್ಳುವವರು ಯಾರು? ಮೇಲಾಗಿ ಅಲ್ಲಿ ಪಾರ್ವೊ ರೋಗ ಹೊಕ್ಕರೆ ಮರಿಗಳೇ ಮೊದಲು ಸಾಯುತ್ತವೆ.

ಮರಿಗೆ ಒಂದು ಸ್ವಂತ ಮನೆ ಸಿಗುವವರೆಗೆ ಎಂಟು ವಾರ ಇಟ್ಟುಕೊಳ್ಳುವುದನ್ನು ಫಾಸ್ಟರಿಂಗ್ ಎನ್ನುತ್ತಾರೆ. ನಾವು ತವರುಮನೆ ಎನ್ನೋಣ. ಇದಕ್ಕೆ ಬೇಕಾದ್ದೆಲ್ಲ ನಮ್ಮ ಮನೆಗಳಲ್ಲೇ ಇದೆ: ಕುಕ್ಕರ್ ಸೀಟಿ, ಟ್ರ್ಯಾಕ್ಟರ್ ಸದ್ದು, ಕೋಳಿ, ದನ, ಕೋಲೂರಿ ನಡೆಯುವ ಅಜ್ಜ, ಶಾಲೆ ಬಿಟ್ಟು ಬರುವ ಮಕ್ಕಳು. ಇವನ್ನೆಲ್ಲ ಹೆದರದೆ ನೋಡಿ ಬೆಳೆದ ಮರಿ ಊರಿಗೆ ಹೊಂದುತ್ತದೆ. ಲಸಿಕೆ ಪೂರ್ತಿಯಾಗುವವರೆಗೆ ಬೀದಿಯಲ್ಲಿ ಬಿಡದೆ ಎತ್ತಿಕೊಂಡೇ ಊರು ತೋರಿಸಿ. ಒಡಹುಟ್ಟಿದ ಮರಿಗಳನ್ನು ಎಂಟು ವಾರ ಜತೆಯಲ್ಲೇ ಇಡಿ. ಕಚ್ಚುವುದರ ಮಿತಿಯನ್ನು ಅವು ಪರಸ್ಪರ ಆಡುತ್ತಲೇ ಕಲಿಯುತ್ತವೆ. ಕಣ್ಣು ಬಿಡದ ಮರಿಗೆ ಹಾಲಿಗಿಂತ ಮೊದಲು ಬೆಚ್ಚಗಿನ ಜಾಗ ಬೇಕು. ಬರೀ ಹಸುವಿನ ಹಾಲು ಸಾಲದು, ಪಶುವೈದ್ಯರನ್ನು ಕೇಳಿ ಮರಿಗಳ ಹಾಲಿನ ಪುಡಿ ಹಾಕಿ. ಅಂಗಾತ ಮಲಗಿಸಿ ಕುಡಿಸಲೇಬೇಡಿ. ಎರಡನೇ ವಾರದಿಂದ ಜಂತುಹುಳದ ಔಷಧಿ, ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಮರಿ ಹಲ್ಲು ತಾಗಿದರೂ ಹದಿನೈದು ನಿಮಿಷ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ. ಮರಿಯಿಂದಲೂ ರೇಬಿಸ್ ಬರುತ್ತದೆ.

"ಬೆರಕೆ ನಾಯಿ ಯಾರಿಗೆ ಬೇಕು?" ಎನ್ನುವವರಿಗೆ ಒಂದು ಮಾತು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ತಳಿ ಉಳಿಸುವ ಹೆಮ್ಮೆ ನಮಗೂ ಉಂಟು. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಸೈಬೀರಿಯಾದ ಹಸ್ಕಿಯನ್ನು ಕಡೂರಿನ ಬಿಸಿಲಿನಲ್ಲಿ ಕಟ್ಟಿಹಾಕುವುದು ತಳಿಪ್ರೇಮವಲ್ಲ, ಶೋಕಿ. ಈ ಮಣ್ಣಿನ ಬಿಸಿಲು, ಮಳೆಗೆ ಒಗ್ಗಿದ ನಾಯಿ ನಿಮ್ಮ ಬಾಗಿಲಲ್ಲೇ ಇದೆ, ಕೊಳ್ಳಬೇಕಾಗಿಲ್ಲ.

"ನಾಯಿ ಪ್ರೀತಿ ಇದ್ದವರು ಸಾಕಲಿ, ನಮಗೇಕೆ?" ಎನ್ನುವವರಿಗೂ ಉತ್ತರವಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಜವಾಬ್ದಾರಿಯನ್ನು ಸ್ಥಳೀಯ ಸಂಸ್ಥೆಗಳಿಗೇ ವಹಿಸಿವೆ. 2025ರ ಆಗಸ್ಟ್ 22ರ ಆದೇಶದಲ್ಲಿ, ಬೀದಿನಾಯಿ ದತ್ತು ಬೇಕೆನ್ನುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಆ ನಾಯಿ ಮತ್ತೆ ಬೀದಿಗೆ ಬರದಂತೆ ಅವರೇ ನೋಡಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ದಾರಿ ತೆರೆದಿದೆ, ನಡೆಯುವವರು ಬೇಕು.

ಆದ್ದರಿಂದ ಮೂರೂ ತಾಲ್ಲೂಕುಗಳ ಆಡಳಿತಕ್ಕೆ ನಮ್ಮ ಒತ್ತಾಯ ಇಷ್ಟು. ಪ್ರತಿ ಪಶು ಆಸ್ಪತ್ರೆಯಲ್ಲಿ ತವರುಮನೆಗಳ ಪಟ್ಟಿ ಇರಲಿ. ಅಂಥ ಮನೆಯ ಮರಿಗಳ ಔಷಧಿ, ಲಸಿಕೆ, ಮುಂದೆ ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲವೂ ಉಚಿತವಾಗಲಿ. ಸಾಕುವವರಿಗೂ ಮುಂಚಿತವಾಗಿ ರೇಬಿಸ್ ಲಸಿಕೆ ಸಿಗಲಿ. ಹೆಣ್ಣುಮರಿ ಒಯ್ಯುವವರಿಗೆ ಮೊದಲ ಆದ್ಯತೆ ಇರಲಿ. ಒಂದು ಶೆಡ್ಡಿನ ತಗಡು, ಸಿಮೆಂಟಿನ ಲೆಕ್ಕದ ಮುಂದೆ ಇದು ದೊಡ್ಡ ಖರ್ಚಲ್ಲ.

ಶೆಡ್ಡಿನ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಹದಿನಾಲ್ಕು ವಾರ ಸಾಲದು. ಮರಿಗೆ ಇರುವುದು ಅಷ್ಟೇ ವಾರ. ನಿಮ್ಮ ಹಿತ್ತಿಲಲ್ಲಿ ಒಂದು ಬುಟ್ಟಿಯಷ್ಟು ಜಾಗ ಇದ್ದರೆ, ಆದೇಶಕ್ಕೆ ಕಾಯದೆ ಇವತ್ತೇ ಶುರುಮಾಡಿ.