ದುರ್ಬೀನು ಕೊಳ್ಳುವ ಮುನ್ನ

ಮಾಗಿಯ ಚಳಿ ಬಿತ್ತೆಂದರೆ ನಮ್ಮ ಬೆಂಗೇರಿಯ ಕೆಲವು ಮನೆಗಳಲ್ಲಿ ಮಾಗಡಿ ಕೆರೆಯ ಮಾತು ಆರಂಭವಾಗುತ್ತದೆ. ಗದಗ ಜಿಲ್ಲೆಯ ಆ ಕೆರೆಗೆ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಆದರೆ ನಡುನೀರಿನಲ್ಲಿರುವ ಹಕ್ಕಿಯನ್ನು ದಂಡೆಯಿಂದ ನೋಡಬೇಕಾದರೆ ದುರ್ಬೀನು ಬೇಕು.

ಕಳೆದ ವರ್ಷ ನಾನೂ ಒಂದನ್ನು ಕೊಂಡೆ. ಮೊಬೈಲಿನಲ್ಲಿ ಕಂಡ ಜಾಹೀರಾತು. ಎರಡು ಸಾವಿರದ ಸಾಮಾನು ಎಂಟುನೂರಕ್ಕೆ! ಮೈಮೇಲೆ 30×60 ಎಂಬ ಹೊನ್ನಕ್ಷರ, ಗಾಜಿಗೆ ಮಾಣಿಕ್ಯದ ಕೆಂಪು. ತಂದೆಯವರನ್ನು ಉಣಕಲ್ ಕೆರೆಯ ದಂಡೆಗೆ ಕರೆದೊಯ್ದು ಅದನ್ನು ಅವರ ಕೈಗಿತ್ತೆ. ಅವರು ಬಹಳ ಹೊತ್ತು ನೋಡಿದರು, ತಿರುಗಿಸಿದರು, ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಕೊನೆಗೆ, "ಒಂದು ಹಕ್ಕಿ ಎರಡಾಗಿ ಕಾಣಸ್ತದ, ತಮ್ಮಾ. ನನ್ನ ಕಣ್ಣು ಮುಗದವು" ಎಂದರು. ಮಾಗಡಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ವಾರದ ಮೇಲೆ ನೆರೆಮನೆಯ ನಿವೃತ್ತ ಮಾಸ್ತರರು ತಮ್ಮ ಹಳೆಯ 8×40 ದುರ್ಬೀನನ್ನು ನೋಡಲು ಕೊಟ್ಟರು. ಮಾಳಿಗೆಯ ಮೇಲೆ ನಿಂತು ತೆಂಗಿನ ಗರಿಯತ್ತ ಹಿಡಿದ ತಂದೆಯವರು, "ಏ, ಇದರಾಗ ಕೊಕ್ಕ ಸೈತ ಕಾಣಸ್ತದಲೋ!" ಎಂದು ಕೂಗಿದರು. ದೋಷವಿದ್ದದ್ದು ಕಣ್ಣಿನಲ್ಲಲ್ಲ, ನಾನು ಅಗ್ಗಕ್ಕೆ ತಂದ ಗಾಜಿನಲ್ಲಿ.

ನಮ್ಮ ಬೆಂಗೇರಿಯ ಖಾದಿ ಸಂಘದಿಂದ ರಾಷ್ಟ್ರಧ್ವಜ ಹೊರಬೀಳುವುದು ಬಟ್ಟೆ, ಬಣ್ಣ, ಹೊಲಿಗೆ, ಅಳತೆಗಳೆಲ್ಲ ಪರೀಕ್ಷೆಯಾದ ಮೇಲೆಯೇ. ಅಂಥ ಊರಿನವನಾದ ನಾನು ಹೊನ್ನಕ್ಷರವನ್ನು ನಂಬಿ ಕುಳಿತಿದ್ದೆ! ಅಂದು ಅಳತೆಪಟ್ಟಿ ಹಿಡಿದರೆ ತಿಳಿಯುತ್ತಿತ್ತು. ಎರಡನೆಯ ಅಂಕಿಯು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರುಗಳಲ್ಲಿ. 60 ಎಂದಿದ್ದರೆ ಗಾಜು ಆರು ಸೆಂಟಿಮೀಟರ್ ಇರಬೇಕು. ನನ್ನದು ಮೂರೂ ಇರಲಿಲ್ಲ.

ಮೊದಲನೆಯ ಅಂಕಿಯು ಎಷ್ಟು ಪಟ್ಟು ಹತ್ತಿರ ಕಾಣುವುದೆಂಬುದರ ಲೆಕ್ಕ. ಅದು ಹೆಚ್ಚಾದಷ್ಟೂ ಒಳಿತೆಂಬುದು ಭ್ರಮೆ. ಹತ್ತನ್ನು ಮೀರಿದರೆ ಕೈಯ ನಡುಕವೂ ದೊಡ್ಡದಾಗಿ ನೋಟ ನಿಲ್ಲದು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿರಿ. 8×40ಕ್ಕೆ 5 ಬರುತ್ತದೆ. ಕಣ್ಣಿಗೆ ತಲುಪುವ ಬೆಳಕಿನ ಕಿಂಡಿ ಅಷ್ಟು ಮಿಲಿಮೀಟರ್ ಅಗಲ. ನಡುಹಗಲಲ್ಲಿ ಎರಡು ಮೂರು ಸಾಕು; ಹಕ್ಕಿಗಳು ಚುರುಕಾಗಿರುವ ಮುಂಜಾವು, ಮುಸ್ಸಂಜೆಗಳಿಗೆ ನಾಲ್ಕೈದು ಬೇಕು. ಗೃಹಸ್ಥರಿಗೆ 8×40 ಅಥವಾ 8×42 ಸರ್ವೋತ್ತಮ.

ಇನ್ನು ಉಳಿತಾಯದ ಉಪಾಯ. ಮುಂದಿನ ಗಾಜುಗಳು ಕಣ್ಣಿನ ಗಾಜುಗಳಿಗಿಂತ ದೂರದೂರ ಇರುವ ಹಳೆಯ ಪೊರೋ ಮಾದರಿ ನೋಡಲು ತುಸು ಒರಟು. ನೇರ ಕೊಳವೆಯ ತೆಳ್ಳನೆಯ ಮಾದರಿಗೆ ಹೆಚ್ಚು ನಾಜೂಕಿನ ಕೆಲಸ ಬೇಕಾಗುವುದರಿಂದ, ಕಡಿಮೆ ಬೆಲೆಯಲ್ಲಿ ಪೊರೋ ಮಾದರಿಯೇ ಸಾಮಾನ್ಯವಾಗಿ ಉತ್ತಮ ನೋಟ ಕೊಡುತ್ತದೆ. ಬಳಸಿದ ದುರ್ಬೀನು ಸಿಕ್ಕರೂ ಬಿಡಬೇಡಿರಿ. ಆದರೆ ಬ್ಯಾಟರಿಯ ಬೆಳಕು ಹಾಯಿಸಿ ಒಳಗೆ ಬೂಷ್ಟು ಹಿಡಿದಿದೆಯೇ ನೋಡಿರಿ. ದೂರದ ಕಂಬವೊಂದನ್ನು ಎರಡೂ ಕಣ್ಣುಗಳಿಂದ ನೋಡಿರಿ. ಅದು ಎರಡಾಗಿ ಕಂಡರೆ ಅಲ್ಲಿಯೇ ಇಟ್ಟು ಬನ್ನಿರಿ. ಕನ್ನಡಕ ಧರಿಸುವವರು ಅದನ್ನು ತೆಗೆಯದೆ ಪೂರ್ಣ ವೃತ್ತ ಕಾಣುವುದೇ ಎಂದು ಪರೀಕ್ಷಿಸಬೇಕು. ಅಂಚೆಯಲ್ಲಿ ತರಿಸಿದರೆ, ಹಿಂದಿರುಗಿಸುವ ಗಡುವಿನೊಳಗೆ ಒಂದು ಮುಸ್ಸಂಜೆ ಹೊರಗೊಯ್ದು ನೋಡಿರಿ. ಮಕ್ಕಳು ಅದನ್ನು ಸೂರ್ಯನತ್ತ ತಿರುಗಿಸದಂತೆ ಎಚ್ಚರವಿರಲಿ, ಕಣ್ಣಿಗೇ ಅಪಾಯ.

ನಾವು ಕೊನೆಗೆ ಕೊಂಡದ್ದು ಪೊರೋ ಮಾದರಿಯ 8×40. ಎಂಟುನೂರಕ್ಕೆ ಬರಲಿಲ್ಲ, ಅದರ ಹಲವು ಪಟ್ಟು ಬಿತ್ತು. ಮಾಗಡಿಯ ದಂಡೆಯಲ್ಲಿ ತಂದೆಯವರು ಹೆಬ್ಬಾತಿನ ತಲೆಯ ಮೇಲಿನ ಕಪ್ಪು ಪಟ್ಟೆಗಳನ್ನು ಎಣಿಸಿ, "ಎರಡವ ನೋಡು" ಎಂದರು. ಈ ಸಲ ಎರಡು ಕಂಡದ್ದು ಸರಿಯಾಗಿಯೇ ಇತ್ತು.