ಗಾಯಾಳುವಿನ ಜ್ವರವೆಲ್ಲ ಗಾಯದ ಜ್ವರವಲ್ಲ

ತೊಡೆಯೆಲುಬು ಮುರಿದು ದವಾಖಾನೆ ಸೇರಿದ ವೃದ್ಧನು ಎರಡನೆಯ ರಾತ್ರಿ ದಿಗ್ಭ್ರಮೆಗೊಂಡು ಬಡಬಡಿಸುವನು. ಸಲಾಯಿನ್ ನಳಿಗೆಯನ್ನು ಕಿತ್ತೆಸೆಯುವನು. ಕೈಕಾಲು ಕಟ್ಟಿ ಹ್ಯಾಲೊಪೆರಿಡಾಲ್ ಚುಚ್ಚುವರು. ವಾರ್ಡು ಶಾಂತವಾಗುವದು. ಎರಡು ಮೂರು ದಿನಗಳಲ್ಲಿ ಜ್ವರವೇರಿದರೆ ಗಾಯ ಕೀತಿರಬೇಕೆಂದು ಆಂಟಿಬಯಾಟಿಕ್ ಬದಲಾಗುವದು. ಸೂಜಿಮದ್ದು ಮಾತ್ರ ನಡೆದೇ ಇರುವದು. ಆ ಮದ್ದೇ ಜ್ವರಕ್ಕೆ ಕಾರಣವಾಗಿರಬಹುದೆಂಬ ಶಂಕೆ ಎಷ್ಟು ಜನಕ್ಕೆ ಮೂಡುವದು?

ಇದು ಹೊಸ ಸಂಗತಿಯಲ್ಲ. ಚಿತ್ತವಿಕಾರದ ಔಷಧಗಳ ಈ ಮಾರಕ ವಿಕೋಪವನ್ನು ಫ್ರಾನ್ಸಿನ ವೈದ್ಯ ಡಿಲೇ ಮತ್ತು ಸಂಗಡಿಗರು 1960ರಲ್ಲಿಯೇ ಬಣ್ಣಿಸಿದರು. ಔಷಧವು ಮೆದುಳಿನಲ್ಲಿ ಡೋಪಮಿನ್ನಿನ ಕೆಲಸವನ್ನು ತಡೆಯುವದರಿಂದ ಸ್ನಾಯುಗಳು ಸೆಟೆಯುವವು, ಮೈ ಕಾಯುವದು, ಬೆವರು ಸುರಿಯುವದು, ರಕ್ತದೊತ್ತಡ ಏರಿಳಿಯುವದು, ಪ್ರಜ್ಞೆ ಮಸುಕಾಗುವದು. ಕರಗಿದ ಸ್ನಾಯುವಿನ ದ್ರವ್ಯವು ಮೂತ್ರಪಿಂಡವನ್ನು ಕೆಡಿಸುವದು. ವಿರಳವಾದರೂ ಪ್ರಾಣಾಂತಿಕವಾದ ಈ ವಿಕೋಪವು ಬಹುತೇಕ ಔಷಧ ಆರಂಭಿಸಿದ ಎರಡು ವಾರಗಳೊಳಗೆ ತಲೆದೋರುವದು. ನೀರು ಕಡಿಮೆಯಾದ, ಕಟ್ಟಿಹಾಕಿದ, ಮೇಲಿಂದ ಮೇಲೆ ಚುಚ್ಚಿಸಿಕೊಂಡ ದೇಹಕ್ಕೆ ಅಪಾಯ ಹೆಚ್ಚು. ಗಾಯಾಳುವಿನ ಸ್ಥಿತಿ ಇದೇ ಅಲ್ಲವೇ?

ಗಾಯಾಳುವಿನಲ್ಲಿ ಇದನ್ನು ಗುರುತಿಸುವದು ಕಠಿಣ, ಒಪ್ಪುವೆವು. ಪ್ಲಾಸ್ಟರಿನೊಳಗಿನ ಕಾಲು ಸೆಟೆದುದು ಕಾಣದು. ತಲೆಗೆ ಪೆಟ್ಟಾದವನ ಮಂಪರು ಪೆಟ್ಟಿನದೆಂದೇ ತೋರುವದು. ರಕ್ತದ ಸಿ.ಪಿ.ಕೆ. ಪರೀಕ್ಷೆಯೂ ಒಮ್ಮೆ ಮಾಡಿದರೆ ಸಾಲದು. ಜಜ್ಜಿದ ಸ್ನಾಯು, ಶಸ್ತ್ರಕ್ರಿಯೆ, ಸೂಜಿಗಳಿಂದಲೂ ಅದು ಏರುವದು. ಮರುದಿನ ಇಳಿಯಬೇಕಾದದ್ದು ಮತ್ತಷ್ಟು ಏರಿತೇ ಎಂಬದನ್ನು ನೋಡಬೇಕು. ಪೆಟ್ಟಾಗದ ತೋಳನ್ನು ಮಡಚಿ ನೋಡುವದಕ್ಕಂತೂ ಯಾವ ಯಂತ್ರವೂ ಬೇಡ: ಸೀಸದ ನಳಿಗೆಯನ್ನು ಬಗ್ಗಿಸಿದಂತಾದರೆ ಸೂಜಿಮದ್ದನ್ನು ಆ ಗಳಿಗೆಯೇ ನಿಲ್ಲಿಸತಕ್ಕದ್ದು. ದೇಹವನ್ನು ತಂಪುಮಾಡಿ, ಧಾರಾಳವಾಗಿ ದ್ರವ ಕೊಟ್ಟು, ತೀವ್ರನಿಗಾ ವಿಭಾಗಕ್ಕೆ ಒಯ್ಯತಕ್ಕದ್ದು. ಬ್ರೋಮೋಕ್ರಿಪ್ಟಿನ್, ಡ್ಯಾಂಟ್ರೋಲೀನ್‌ಗಳ ವಿಚಾರ ಆಮೇಲಿನದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಇದೇ ಕೇಡನ್ನು ತರಬಲ್ಲದೆಂಬದನ್ನು ಮರೆಯಬಾರದು.

ರಾತ್ರಿಪಾಳಿಯಲ್ಲಿ ಒಬ್ಬನೇ ವಾರ್ಡು ಕಾಯುವ ತರುಣ ವೈದ್ಯನನ್ನು ನಾವು ದೂರುವದಿಲ್ಲ. ಆದರೆ 1947ರಲ್ಲಿ ಸ್ವರಾಜ್ಯ ಬಂದರೂ ರೋಗಿಯ ಹಾಳೆಗೆ ಇಂಗ್ಲಿಷಿನಿಂದ ಬಿಡುಗಡೆಯಾಗಲಿಲ್ಲ. ಮಂಚದ ಬಳಿ ಹಗಲಿರುಳು ಕುಳಿತು, ಮೈ ಒರೆಸಿ, ಮಗ್ಗುಲು ಹೊರಳಿಸುವವರು ಮನೆಯವರು. ಯಾವ ಮದ್ದನ್ನು ಎಷ್ಟು ಹೊತ್ತಿಗೆ ಚುಚ್ಚಲಾಯಿತು, ಏನು ಕಂಡರೆ ಕೂಗಿ ಕರೆಯಬೇಕು ಎಂಬದನ್ನು ಅವರಿಗೆ ಕನ್ನಡದಲ್ಲಿ ಬರೆದುಕೊಡುವಂತೆ ಸರಕಾರವು ಎಲ್ಲ ದವಾಖಾನೆಗಳಿಗೂ ಆಜ್ಞಾಪಿಸಬೇಕು. "ಮಾವನವರ ತೋಳು ಮಡಚಲಿಕ್ಕೇ ಬರವಲ್ಲದ್ರೀ" ಎಂದು ಸೊಸೆಯೊಬ್ಬಳು ಹೇಳಿದಾಗ ಅದನ್ನು ಗೊಣಗಾಟವೆಂದು ತಳ್ಳಿಬಿಡದೆ ಹಾಳೆಯಲ್ಲಿ ಬರೆದುಕೊಳ್ಳಲಿ.