ಡೀಸೆಲ್ ಅಲ್ವಾ, ಏನಾಗ್ತದೆ?

"ಡೀಸೆಲ್ ಅಲ್ವಾ ಮಾಷ್ಟ್ರೇ, ಪೆಟ್ರೋಲ್ ಏನೂ ಅಲ್ಲವಲ್ಲ! ಸ್ವಲ್ಪ ಸೋರಿದ್ರೆ ಏನಾಗ್ತದೆ?"

ನಮ್ಮ ಕಾಸರಗೋಡಿನ ಕಡೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡವರು ಯಾರಾದರೂ ಇದ್ದರೆ ವಿಚಾರಿಸಿ ನೋಡಿ, ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ. ಮಾರಿದವನು ಹೇಳುತ್ತಾನೆ, ಬ್ರೋಕರ್ ಹೇಳುತ್ತಾನೆ, ಗ್ಯಾರೇಜಿನವನು ಹೇಳುತ್ತಾನೆ, ಮನೆಗೆ ಬಂದ ಭಾವನೂ ಹೇಳುತ್ತಾನೆ. ಕೊನೆಗೆ ಕೊಂಡವನೇ ತನಗೆ ತಾನು ಹೇಳಿಕೊಂಡು ಮಲಗುತ್ತಾನೆ. ಬೆಳಿಗ್ಗೆ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬರುತ್ತಾನೆ.

ನಾನು ಮೆಕ್ಯಾನಿಕ್ ಅಲ್ಲ, ಕನ್ನಡ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವ. ಆದರೆ ಈ ಮಾತು ಸುಳ್ಳು ಎಂದು ತೋರಿಸಲು ಮೆಕ್ಯಾನಿಕ್ ಬೇಕಾಗಿಲ್ಲ, ಹೈಸ್ಕೂಲಿನ ಪಾಠವೇ ಸಾಕು.

ಮೊದಲು ಬೆಂಕಿಯ ವಿಚಾರ. ಪೆಟ್ರೋಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಕು, ಡೀಸೆಲ್ ಎಂಜಿನ್ನಿಗೆ ಬೇಡ. ಯಾಕೆ? ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ. ಅಂದರೆ "ಡೀಸೆಲ್ ಹೊತ್ತಿಕೊಳ್ಳುವುದಿಲ್ಲ" ಎನ್ನುವವರು ಕುಳಿತಿರುವ ಕಾರು ಓಡುವುದೇ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬ ಕಾರಣಕ್ಕೆ! ನೆಲದ ಮೇಲೆ ಚೆಲ್ಲಿದ ತಣ್ಣಗಿನ ಡೀಸೆಲಿಗೆ ಕಡ್ಡಿ ಗೀರಿದರೆ ಪೆಟ್ರೋಲಿನ ಹಾಗೆ ಭಗ್ಗೆನ್ನುವುದಿಲ್ಲ, ಒಪ್ಪಿದೆ. ಆದರೆ ಸೋರುವುದು ತಣ್ಣಗಿನ ನೆಲದ ಮೇಲಲ್ಲ, ಬಾನೆಟಿನ ಒಳಗೆ. ಡೀಸೆಲಿನ ಆವಿ ಕಿಡಿಗೆ ಹೊತ್ತಿಕೊಳ್ಳಬಹುದಾದ ಉಷ್ಣತೆಗೆ ನಮ್ಮ ದೇಶದ ಮಾನಕ ಇಟ್ಟಿರುವ ಕೆಳಮಿತಿ 35 ಡಿಗ್ರಿ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನ ಬಾನೆಟಿನ ಒಳಗೆ ಎಷ್ಟು ಇರುತ್ತದೆಂದು ನೀವೇ ಊಹಿಸಿ. ಏರು ಹತ್ತುವಾಗ ಟರ್ಬೊ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಲವು ನೂರು ಡಿಗ್ರಿ ಕಾಯುತ್ತವೆ. ಅದರ ಮೇಲೆ ಡೀಸೆಲ್ ಬೀಳುತ್ತಿದ್ದರೆ "ಏನಾಗ್ತದೆ" ಎಂದು ಕೇಳುವುದು ಧೈರ್ಯವಲ್ಲ, ಅಜ್ಞಾನ.

ಇನ್ನು "ಸ್ವಲ್ಪ" ಎಂಬ ಮಾತು. ಇದಕ್ಕೆ ಏಳನೇ ತರಗತಿಯ ಲೆಕ್ಕ ಸಾಕು. ಸೆಕೆಂಡಿಗೆ ಒಂದು ಹನಿ ಬೀಳುತ್ತದೆ ಎಂದಿಟ್ಟುಕೊಳ್ಳಿ. 40 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿಯಿರಿ. ಒಂದು ದಿನಕ್ಕೆ 86,400 ಸೆಕೆಂಡು. ಭಾಗಿಸಿ ನೋಡಿ, 2,160 ಮಿಲಿಲೀಟರ್! ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು. ಲೀಟರಿಗೆ ನಾಲ್ಕು ಕಾಸು ಉಳಿಯುತ್ತದೆಂದು ತಲಪಾಡಿ ದಾಟಿ ಟ್ಯಾಂಕು ತುಂಬಿಸಿಕೊಂಡು ಬರುವ ನಾವು, ಬರುವ ದಾರಿಯುದ್ದಕ್ಕೂ ಅದನ್ನು ಚೆಲ್ಲಿಕೊಂಡು ಬರುತ್ತೇವೆ. ಇದೆಂಥ ಜಾಣತನ?

ಆದರೆ ಹಣ ಹೋದದ್ದು ನಿಮ್ಮದು, ಅದು ನಿಮ್ಮ ಲೆಕ್ಕ. ನನ್ನ ತಕರಾರು ಇರುವುದು ಚೆಲ್ಲಿದ ಡೀಸೆಲಿನ ಬಗ್ಗೆ. ಪೆಟ್ರೋಲ್ ಚೆಲ್ಲಿದರೆ ಬೇಗ ಆವಿಯಾಗಿ ಹೋಗುತ್ತದೆ. ಡೀಸೆಲ್ ಹಾಗಲ್ಲ, ಎಣ್ಣೆಯ ಹಾಗೆ ರಸ್ತೆಗೆ ಅಂಟಿಕೊಂಡು ಕೂರುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಚೆರ್ಕಳ–ಕಲ್ಲಡ್ಕ ರಸ್ತೆಯ ಯಾವುದಾದರೂ ತಿರುವನ್ನು ನೆನಪಿಸಿಕೊಳ್ಳಿ. ಬದಿಯಡ್ಕ ದಾಟಿ ಪೆರ್ಲದ ಕಡೆ ಹೋಗುವಾಗ ಒದ್ದೆ ಡಾಮರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿರುವುದನ್ನು ನೋಡಿಲ್ಲವೇ? ಆ ಬಣ್ಣದ ಮೇಲೆ ಸ್ಕೂಟರಿನಲ್ಲಿ ಬರುವವರು ಯಾರು? ನಮ್ಮ ಟೀಚರುಗಳು, ಹಿಂದೆ ಮಗುವನ್ನು ಕೂರಿಸಿಕೊಂಡ ಅಪ್ಪಂದಿರು, ಹಾಲು ಡೈರಿಗೆ ಹಾಕಿ ಬರುವವರು. ಕಾರಿನವರಿಗೆ ನಾಲ್ಕು ಚಕ್ರ, ಹೇಗೋ ಸುಧಾರಿಸಿಕೊಳ್ಳುತ್ತಾರೆ. ಜಾರಿ ಬೀಳುವವನು ಎರಡು ಚಕ್ರದವನು, ಮತ್ತು ಅವನಿಗೆ ಯಾರ ಕಾರು ಸೋರಿತೆಂದು ಎಂದೂ ಗೊತ್ತಾಗುವುದಿಲ್ಲ. ಹಾಗಾಗಿ ಸೋರುವ ಡೀಸೆಲ್ ಕಾರು ಮಾಲೀಕನ ಸ್ವಂತ ವಿಷಯ ಅಲ್ಲವೇ ಅಲ್ಲ.

ಮನೆಯಂಗಳದ ವಿಷಯವೂ ಇದೆ. ಕಾರು ನಿಲ್ಲಿಸುವ ಜಾಗದಿಂದ ಹತ್ತು ಹೆಜ್ಜೆಗೆ ಬಾವಿ. ಮುರಕಲ್ಲಿನ ನೆಲ ನೀರನ್ನು ಇಳಿಸಿಕೊಳ್ಳುವ ಹಾಗೆ ಎಣ್ಣೆಯನ್ನೂ ಇಳಿಸಿಕೊಳ್ಳುತ್ತದೆ. ಒಮ್ಮೆ ಬಾವಿಯ ನೀರಿಗೆ ಡೀಸೆಲ್ ವಾಸನೆ ಹಿಡಿದರೆ ಹೋಗಿಸುವುದು ಸುಲಭವಲ್ಲ.

"ಹಳೆ ಗಾಡಿ ಅಂದ್ಮೇಲೆ ಸಣ್ಣಪುಟ್ಟ ಸೋರುವುದು ಇದ್ದದ್ದೇ" ಎನ್ನುವುದು ಎರಡನೇ ಸುಳ್ಳು. ಸೀಟು ಹರಿದಿರುವುದು ಇದ್ದದ್ದೇ, ಬಣ್ಣ ಮಾಸಿರುವುದು ಇದ್ದದ್ದೇ. ಆದರೆ ಇಂಧನದ ಪೈಪು ಸೋರುವುದು ಹಳತಾದದ್ದರ ಲಕ್ಷಣವಲ್ಲ, ಕೆಟ್ಟದ್ದರ ಲಕ್ಷಣ. "ಇಷ್ಟು ಹನಿ ಪರವಾಗಿಲ್ಲ" ಎಂಬ ಅಳತೆ ಯಾವ ಕಾರಿಗೂ ಇಲ್ಲ.

ಇದನ್ನು ಈಗಲೇ ಹೇಳಬೇಕಾದ ಕಾರಣವೂ ಇದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಆಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು, ಟಾಟಾದ ಟಿಯಾಗೊ, ಟಿಗೋರ್ ಡೀಸೆಲ್ ಕೂಡ ನಿಂತವು. ಹಾಗಾಗಿ ಇವತ್ತು ನಮ್ಮ ಕೈಗೆಟಕುವ ಬೆಲೆಗೆ ಸಿಗುವ ಸಣ್ಣ ಡೀಸೆಲ್ ಕಾರುಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನವು. ಎಂಜಿನ್ ಗಟ್ಟಿ ಇರಬಹುದು, ಆದರೆ ಅದರ ರಬ್ಬರ್ ಪೈಪು, ಓ-ರಿಂಗು, ಸೀಲುಗಳಿಗೂ ಅಷ್ಟೇ ವಯಸ್ಸಾಗಿದೆ. ಕಿಲೋಮೀಟರ್ ಕಡಿಮೆ ಓಡಿದೆ ಎಂದರೆ ರಬ್ಬರಿಗೆ ವಯಸ್ಸು ಕಡಿಮೆ ಆಗುವುದಿಲ್ಲ!

ನನ್ನ ಸಹೋದ್ಯೋಗಿಯೊಬ್ಬರು ಗಡಿಯಾಚೆ ಹಳೆ ಕಾರಿನ ವ್ಯಾಪಾರಿಯೊಬ್ಬರಿಂದ ಇಂಥದ್ದೇ ಒಂದು ಕಾರು ಕೊಂಡರು. ಎಂಜಿನ್ ಫಳಫಳ ಹೊಳೆಯುತ್ತಿತ್ತು. ಮೂರನೇ ದಿನ ವಾಸನೆ, ನಾಲ್ಕನೇ ದಿನ ಅಂಗಳದಲ್ಲಿ ಕಲೆ. ಫೋನ್ ಮಾಡಿದರೆ "ಎಂಜಿನ್ ವಾಷ್ ಮಾಡಿ ಕೊಟ್ಟದ್ದು ಮೇಡಂ, ಅದರ ವಾಸನೆ" ಎಂಬ ಉತ್ತರ. ಮೊದಲನೇ ಗ್ಯಾರೇಜಿನಲ್ಲಿ ಎಂ-ಸೀಲ್ ಮೆತ್ತಿದರು. ಎರಡನೆಯದರಲ್ಲಿ ಬೋಲ್ಟನ್ನು ಇನ್ನಷ್ಟು ಬಿಗಿದರು. ಮೂರನೆಯವನು ಮಾತ್ರ ಸೋರುವ ಜಾಗ ಹುಡುಕಿದ. ಇಂಜೆಕ್ಟರಿನಿಂದ ಟ್ಯಾಂಕಿಗೆ ಹಿಂತಿರುಗುವ ರಿಟರ್ನ್ ಪೈಪು ಒಣಗಿ ಸೀಳಿತ್ತು. ಬದಲಿಸಲು ಆದ ಖರ್ಚು ಕೆಲವು ನೂರು ರೂಪಾಯಿ. ಆ ಕೆಲವು ನೂರು ಉಳಿಸಲು ಎಂಜಿನ್ ತೊಳೆದು ಕಲೆ ಮುಚ್ಚಿ ಮಾರಿದ್ದಾರಲ್ಲ, ಅದಕ್ಕೆ ಏನೆನ್ನಬೇಕು? ಹೊಳೆಯುವ ಎಂಜಿನ್ ನೋಡಿ ಮರುಳಾಗಬೇಡಿ. ಧೂಳು ಹಿಡಿದ ಎಂಜಿನ್ ಸೋರಿಕೆಯನ್ನು ಮುಚ್ಚಿಡುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಸೋರುತ್ತಿದೆ ಎಂದು ಗೊತ್ತಾದ ಕ್ಷಣ ಕಾರು ನಿಲ್ಲಿಸಿ. ರಾತ್ರಿ ಅಡಿಯಲ್ಲಿ ಹಳೆ ಪೇಪರ್ ಹಾಸಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣ ನೋಡಿ. ಎಂಜಿನ್ ಆಯಿಲ್ ಕಪ್ಪು. ಕೂಲೆಂಟ್ ಹಸಿರೋ ಗುಲಾಬಿಯೋ ಇರುತ್ತದೆ. ಎಸಿ ನೀರು ಬರೀ ನೀರು. ಡೀಸೆಲ್ ತೆಳು ಹಳದಿ, ಜಿಡ್ಡು, ಒಣಗುವುದಿಲ್ಲ, ವಾಸನೆಯಂತೂ ಸುಳ್ಳು ಹೇಳುವುದಿಲ್ಲ. ಟ್ಯಾಂಕು ತುಂಬಿದಾಗ ಮಾತ್ರ ಸೋರಿದರೆ ಟ್ಯಾಂಕಿನ ಮೇಲ್ಭಾಗದ ಸೀಲು ನೋಡಿಸಿ. ಬೆಳಿಗ್ಗೆ ಸ್ಟಾರ್ಟ್ ಆಗಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾದರೆ ಬ್ಯಾಟರಿಯನ್ನೇ ಬೈಯಬೇಡಿ. ಟ್ಯಾಂಕಿನಿಂದ ಪಂಪಿಗೆ ಬರುವ ಕಡೆ ಸಣ್ಣ ಸೀಳು ಇದ್ದರೆ ಎಂಜಿನ್ ಓಡುವಾಗ ಅದು ಗಾಳಿ ಎಳೆಯುತ್ತದೆ, ನಿಂತಾಗ ಹನಿಯುತ್ತದೆ. ಇತ್ತೀಚೆಗೆ ಫಿಲ್ಟರ್ ಬದಲಿಸಿದ್ದರೆ ಮೊದಲ ಅನುಮಾನ ಅದರ ಸೀಲು ಮತ್ತು ನೀರು ಬಿಡುವ ಪ್ಲಗ್ಗಿನ ಮೇಲೆಯೇ ಇರಲಿ.

ಒಂದು ಎಚ್ಚರಿಕೆ ಮಾತ್ರ ದಪ್ಪಕ್ಷರದಲ್ಲಿ ಓದಿಕೊಳ್ಳಿ. ಎಂಜಿನ್ ಓಡುತ್ತಿರುವಾಗ ಸೋರುವ ಜಾಗವನ್ನು ಬೆರಳಿನಿಂದ ತಡವಿ ಹುಡುಕಬೇಡಿ. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಡೀಸೆಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಕೆಲವದರಲ್ಲಿ 1,600 ಬಾರ್ ಇರುತ್ತದೆ. ನಿಮ್ಮ ಟಯರಿನಲ್ಲಿರುವುದು ಎರಡು ಚಿಲ್ಲರೆ ಬಾರ್ ಅಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ, ಒಳಗೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲವೆಂದು ಮನೆಯಲ್ಲಿ ಕೂರದೆ ತಕ್ಷಣ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಓಡಿ.

ಗ್ಯಾರೇಜಿನಲ್ಲಿ ಎಂ-ಸೀಲ್, ಸಾಬೂನು, ಸೈಕಲ್ ಟ್ಯೂಬು, ತಂತಿ ಕಂಡರೆ ಬೇಡ ಎನ್ನಿ. ತಾಮ್ರದ ವಾಷರ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ರಬ್ಬರ್ ಪೈಪು ಡೀಸೆಲಿಗೆಂದೇ ಮಾಡಿದ್ದಾಗಿರಬೇಕು, ನೀರಿನ ಪೈಪು ಆಗದು. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. "ಎಲ್ಲಿ ಸೋರಿತು, ತೋರಿಸಿ" ಎಂದು ಕೇಳಲು ನಾಚಿಕೆ ಯಾಕೆ? ಮಕ್ಕಳ ಉತ್ತರಪತ್ರಿಕೆಯಲ್ಲಿ ನಾವು ಬರೀ ಉತ್ತರ ನೋಡಿ ಅಂಕ ಕೊಡುತ್ತೇವೆಯೇ? ಲೆಕ್ಕ ಮಾಡಿದ ಕ್ರಮ ಕೇಳುವುದಿಲ್ಲವೇ?

ಇನ್ನು ಮಾರಿದವರ ಮಾತು. "ಇದ್ದ ಹಾಗೆ ಕೊಟ್ಟದ್ದು, ಸಹಿ ಹಾಕಿದ್ದೀರಿ" ಎಂದು ಕೈ ತೊಳೆದುಕೊಳ್ಳುತ್ತಾರೆ. ನ್ಯಾಯವಾಗಿ ಹೇಳಬೇಕೆಂದರೆ, ಕೊಟ್ಟ ಮರುವಾರವೇ ರಬ್ಬರ್ ಸೀಳಬಾರದೆಂದಿಲ್ಲ, ಅದನ್ನೆಲ್ಲ ಮಾರಿದವರ ತಲೆಗೆ ಕಟ್ಟಲಾಗದು. ಆದರೆ ಗೊತ್ತಿದ್ದೂ ಮುಚ್ಚಿಟ್ಟು ಮಾರುವುದು ಬೇರೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ವಿಧಿಯನ್ನು ಓದಿ. ಆ ವಸ್ತುವಿನ ವ್ಯಾಪಾರವನ್ನೇ ಮಾಡುವವರ ಬಳಿ, ಯಾವ ಕೆಲಸಕ್ಕೆಂದು ತಿಳಿಸಿ, ಅವರ ತಿಳಿವಳಿಕೆಯನ್ನು ನಂಬಿ ಕೊಂಡರೆ, ಅದು ಆ ಕೆಲಸಕ್ಕೆ ತಕ್ಕಮಟ್ಟಿಗಾದರೂ ಯೋಗ್ಯವಾಗಿರಬೇಕು ಎಂಬ ಷರತ್ತು ಅದರಲ್ಲಿದೆ. 2023ರ ಏಪ್ರಿಲ್ 1ರಿಂದ ಹಳೆ ವಾಹನದ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮವೂ ಬಂದಿದೆ. ಹಣ ಕೊಡುವ ಮೊದಲು ಅದನ್ನು ಕೇಳಿ.

ಸೋರಿಕೆ ಕಂಡ ದಿನವೇ ಫೋಟೊ ತೆಗೆದು, ದಿನಾಂಕ ಹಾಕಿ, ಬರವಣಿಗೆಯಲ್ಲಿ ತಿಳಿಸಿ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ವ್ಯಾಪಾರಿ ಮಂಗಳೂರಿನವನು, ನಾನು ಕಾಸರಗೋಡಿನವನು, ಅಲ್ಲಿಗೆ ಅಲೆಯುವುದು ಯಾರು ಎಂದು ಸುಮ್ಮನಾಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದ ಅವಧಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಗಡಿಯಾಚೆ ಇರುವ ನಮಗೆ ಕನ್ನಡದಲ್ಲಿ ಕೇಳಿಸಿಕೊಳ್ಳುವವರು ಸಿಗುವುದೇ ಅಪರೂಪ, ಸಿಕ್ಕ ಕಡೆಯಾದರೂ ಬಾಯಿ ಬಿಡೋಣ. ಆದರೆ ನೆನಪಿರಲಿ, ಪರಿಚಯದವರಿಂದ, ನೆಂಟರಿಂದ ನೇರವಾಗಿ ಕೊಂಡದ್ದಕ್ಕೆ ಈ ಆಯೋಗದ ದಾರಿ ಸಾಮಾನ್ಯವಾಗಿ ಇಲ್ಲ. ಅಲ್ಲಿ ಕೊಳ್ಳುವ ಮೊದಲೇ ನಂಬಿಕೆಯ ಮೆಕ್ಯಾನಿಕನಿಂದ ಅಡಿಯಿಂದ ನೋಡಿಸುವುದೇ ದಾರಿ.

ಕೊನೆಯದಾಗಿ ನಮ್ಮ ಶಾಲೆಗಳಿಗೆ ಒಂದು ಮಾತು. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಮೋಟಾರು ವಾಹನ ಇಲಾಖೆಯವರು ಶಾಲಾ ಬಸ್ಸುಗಳನ್ನು ಪರಿಶೀಲಿಸುತ್ತಾರೆ. ಆದರೆ ನಮ್ಮ ಸಣ್ಣ ಕನ್ನಡ ಶಾಲೆಗಳಲ್ಲಿ ಸ್ವಂತ ಬಸ್ಸು ಎಷ್ಟಕ್ಕಿದೆ? ಮಕ್ಕಳು ಬರುವುದು ಹಳೆ ಜೀಪಿನಲ್ಲಿ, ವ್ಯಾನಿನಲ್ಲಿ, ಮಾಷ್ಟ್ರ ಕಾರಿನಲ್ಲಿ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಹಾಗಾಗಿ ದೂರದ ಮಕ್ಕಳನ್ನು ಹೇಗಾದರೂ ಕರೆತರಲೇಬೇಕು. ಆ ಕಷ್ಟ ನನಗೂ ಗೊತ್ತಿದೆ. ಆದರೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಾವು ಕೇಳುವುದು ಬಾಡಿಗೆ ಎಷ್ಟು ಎಂಬ ಒಂದೇ ಪ್ರಶ್ನೆ. ಗಾಡಿಯ ಅಡಿಗೆ ಬಗ್ಗಿ ನೋಡಿದವರು ಯಾರಾದರೂ ಇದ್ದಾರೆಯೇ?

ಇದಕ್ಕೆ ಇಲಾಖೆ ಬೇಡ, ಅನುದಾನ ಬೇಡ, ಆದೇಶ ಬೇಡ. ಶಾಲೆ ತೆರೆಯುವ ಹಿಂದಿನ ದಿನ ಮಕ್ಕಳನ್ನು ಕರೆತರುವ ಎಲ್ಲ ಗಾಡಿಗಳನ್ನು ಶಾಲೆಯಂಗಳದಲ್ಲಿ ನಿಲ್ಲಿಸಿ, ಪ್ರತಿಯೊಂದರ ಅಡಿಗೂ ಹಳೆ ಪೇಪರ್ ಹಾಸಿ. ಮರುದಿನ ಬೆಳಿಗ್ಗೆ ಪೇಪರಿನಲ್ಲಿ ಡೀಸೆಲಿನ ಕಲೆ ಇದ್ದ ಗಾಡಿ ಸರಿಯಾಗುವವರೆಗೆ ಮಕ್ಕಳನ್ನು ಹತ್ತಿಸಕೂಡದು, ಅದು ಹೆಡ್‌ಮಾಷ್ಟ್ರದ್ದೇ ಆದರೂ!

ಇಷ್ಟು ಮಾಡಲು ನಮಗೆ ಆಗುವುದಿಲ್ಲವೇ? ನೀವೇ ಹೇಳಿ.